ಹೊಳೆಯಲ್ಲಿ ಈಜು ಕಲಿತವನ ಟ್ರಯಾಥ್ಲಾನ್ ವರ್ಷ

ನನ್ನ ಊರು ಶಿರಸಿ ಹತ್ತಿರದ ಹಳ್ಳಿ. ಮನೆ ಕೆಳಗೆ ತೋಟ, ತೋಟದ ಕೆಳಗೆ ಹೊಳೆ. ಆರನೇ ವಯಸ್ಸಿಗೇ ಈಜು ಬರುತ್ತಿತ್ತು. ಕಾರವಾರಕ್ಕೆ ವರ್ಗವಾಗಿ ಬಂದು, ನಲವತ್ತು ದಾಟಿ, ಹೊಟ್ಟೆ ಮುಂದೆ ಬಂದ ಮೇಲೆ ಟ್ರಯಾಥ್ಲಾನ್ ಹುಚ್ಚು ಹತ್ತಿದಾಗ ನನಗಿದ್ದ ಧೈರ್ಯ ಅದೊಂದೇ. ಸೈಕಲ್ ಕಲಿತರಾಯ್ತು, ಓಟಕ್ಕೆ ಒಗ್ಗಿಕೊಂಡರಾಯ್ತು, ಈಜು ಹೇಗೂ ಗೊತ್ತಲ್ಲ ಅಂದುಕೊಂಡಿದ್ದೆ. ಇಡೀ ಸೀಸನ್‌ನಲ್ಲಿ ನನ್ನನ್ನು ಹೆಚ್ಚು ಸತಾಯಿಸಿದ್ದು ಆ ಈಜೇ.

ಗೊತ್ತಿಲ್ಲದವರಿಗೆ ಒಂದು ಮಾತು. ಟ್ರಯಾಥ್ಲಾನ್ ಅಂದರೆ ಈಜು, ಸೈಕಲ್, ಓಟ, ಒಂದರ ಹಿಂದೆ ಒಂದು, ಗಡಿಯಾರ ನಿಲ್ಲಿಸದೆ. ಒಲಿಂಪಿಕ್ ದೂರ ಅಂದರೆ 1.5 ಕಿಮೀ ಈಜು, 40 ಕಿಮೀ ಸೈಕಲ್, 10 ಕಿಮೀ ಓಟ. ಅದಕ್ಕಿಂತ ದೊಡ್ಡದು 70.3. ಹೆಸರಿನಲ್ಲಿರುವ ಅಂಕಿ ಮೈಲಿ ಲೆಕ್ಕ, ನಮ್ಮ ಲೆಕ್ಕದಲ್ಲಿ ಸುಮಾರು 113 ಕಿಮೀ. ಐರನ್‌ಮ್ಯಾನ್ ಸಂಸ್ಥೆಯ ಈ 70.3 ರೇಸ್ ಗೋವಾದಲ್ಲಿ ಮೊದಲು ನಡೆದದ್ದು 2019ರಲ್ಲಿ. ಕಾರವಾರದಿಂದ ಎರಡು-ಮೂರು ಗಂಟೆಯ ದಾರಿ ಅಷ್ಟೇ. ಹಾಗಾಗಿ ನಮ್ಮ ಕಡೆಯವರಿಗೆ ಇದು ಬೆಂಗಳೂರಿನವರಷ್ಟು ಖರ್ಚಿನ ಬಾಬ್ತಲ್ಲ.

ಆದರೆ ನಾನು ಪೂರ್ತಿ ರೇಸಿಗೆ ಹೆಸರು ಕೊಡಲಿಲ್ಲ. ರಿಲೇ ತಂಡದಲ್ಲಿ ಈಜಿನ ಪಾಲು ಮಾತ್ರ ತೆಗೆದುಕೊಂಡೆ. 1.9 ಕಿಮೀ ಈಜಿ ಬಂದು, ಕಾಲಿಗೆ ಕಟ್ಟಿದ, ಸಮಯ ಅಳೆಯುವ ಚಿಪ್ ಬಿಚ್ಚಿ ಸೈಕಲ್ಲಿನವನ ಕೈಗೆ ಕೊಟ್ಟರೆ ನನ್ನ ಕೆಲಸ ಮುಗಿಯಿತು. ಸುಲಭ ಅಲ್ವಾ?

ನೀರಿಗಿಳಿದು ಹತ್ತು ನಿಮಿಷಕ್ಕೇ ಗೊತ್ತಾಯಿತು. ಹೊಳೆಯಲ್ಲಿ ದಡ ಎರಡೂ ಕಡೆ ಕಾಣುತ್ತದೆ. ಇಲ್ಲಿ ತಲೆ ಎತ್ತಿದರೆ ಮುಂದೊಂದು ಅಲೆ, ಅದರಾಚೆ ಇನ್ನೊಂದು. ದಾರಿಗೆ ಗುರುತಾಗಿ ತೇಲಿಬಿಟ್ಟ ಬೋಯೆ ಕಾಣುವುದು ಅಲೆಯ ನೆತ್ತಿಯ ಮೇಲಿದ್ದಾಗ ಮಾತ್ರ. ಪಕ್ಕದವನ ಕೈ ಬಡಿದು ಕನ್ನಡಕ ಓರೆಯಾಯಿತು, ಉಪ್ಪುನೀರು ಒಳಗೆ ಬಂತು. ಎಲ್ಲರೂ ಹೋಗುವ ಕಡೆಗೇ ಹೋಗೋಣ ಅಂತ ಒಬ್ಬನ ಕಾಲಿನ ನೊರೆ ನೋಡಿಕೊಂಡು ಹೋದೆ. ಅವನೂ ದಾರಿ ತಪ್ಪಿದವನೇ ಆಗಿದ್ದ! ದೋಣಿಯಲ್ಲಿದ್ದ ಹುಡುಗ ಸೀಟಿ ಊದಿ ಇಬ್ಬರನ್ನೂ ಒಳಗೆ ಕರೆದ. ದಡಕ್ಕೆ ಬಂದಾಗ ಗಡಿಯಾರ 2.3 ಕಿಮೀ ತೋರಿಸುತ್ತಿತ್ತು. ನಾನೂರು ಮೀಟರ್ ಪುಗಸಟ್ಟೆ ಈಜಿದ್ದೆ. 1 ಗಂಟೆ 10 ನಿಮಿಷದ ಗಡುವಿಗೆ ಐದೇ ನಿಮಿಷ ಬಾಕಿ. ತಂಡದ ಸೈಕಲ್ಲಿನವನು ಏನೂ ಅನ್ನಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಕಾರವಾರಕ್ಕೆ ವಾಪಸ್ ಬಂದು ಟಾಗೋರ್ ಕಡಲತೀರದಲ್ಲಿ ಬೆಳಿಗ್ಗೆ ಈಜಲು ಶುರು ಮಾಡಿದೆ. ಅಲ್ಲಿ ದೋಣಿ ಎಳೆಯುವ ಹಿರಿಯರೊಬ್ಬರು ಎರಡು ದಿನ ಸುಮ್ನೆ ನೋಡಿದರು. ಮೂರನೇ ದಿನ ಕೇಳಿಯೇ ಬಿಟ್ಟರು.

"ಸಾಹೇಬ್ರೆ, ನೀವು ಮೂತಿ ನೀರೊಳಗೆ ಇಟ್ಕೊಂಡು ಹೋಗ್ತೀರಿ. ಎಲ್ಲಿಗೆ ಹೊಂಟೆ ಅಂತ ಗೊತ್ತಾಗೋದು ಹೆಂಗೆ?"

"ನಡುನಡುವೆ ತಲೆ ಎತ್ತಿ ನೋಡ್ತೀನಲ್ಲ, ಅಣ್ಣಾ."

"ಒಂದೇ ಗುರುತು ನೋಡಿದ್ರೆ ಆಗೂದಿಲ್ಲ. ಎರಡು ಬೇಕು."

ಆಮೇಲೆ ಮರಳಿನ ಮೇಲೆ ಕಡ್ಡಿಯಲ್ಲಿ ಗೀರಿ ತೋರಿಸಿದರು. ದಡದಲ್ಲಿ ಒಂದು ತೆಂಗಿನಮರ ಹಿಡಿ. ಅದರ ಹಿಂದೆ ಗುಡ್ಡದ ಮೇಲೆ ಒಂದು ಗುರುತು ಹಿಡಿ. ಎರಡೂ ಒಂದರ ಹಿಂದೆ ಒಂದು ಇರುವವರೆಗೆ ನೀನು ಸರಿಯಾದ ಗೆರೆಯಲ್ಲಿದ್ದೀಯ. ಮರ ಗುಡ್ಡದ ಗುರುತಿನಿಂದ ಎಡಕ್ಕೆ ಸರಿದಂತೆ ಕಂಡರೆ ನೀರು ನಿನ್ನನ್ನು ಬಲಕ್ಕೆ ಒಯ್ದಿದೆ ಅಂತ ಅರ್ಥ. ಆಗ ಮರ ಇರುವ ಕಡೆಗೇ, ಅಂದರೆ ಎಡಕ್ಕೇ ಸರಿಯಬೇಕು. ದೋಣಿಯವರು ಬಂಡೆ ತಪ್ಪಿಸಿಕೊಂಡು ದಡಕ್ಕೆ ಬರುವುದು ಹೀಗೇ ಅಂತೆ. ಒಂದೇ ಮರ ನೋಡಿಕೊಂಡು ಹೋದರೆ ಮುಖ ಮರದ ಕಡೆಗೇ ಇರುತ್ತದೆ, ಮೈ ಮಾತ್ರ ಸೆಳೆತಕ್ಕೆ ಪಕ್ಕಕ್ಕೆ ಸರಿಯುತ್ತಲೇ ಇರುತ್ತದೆ, ದಾರಿ ಬಿಲ್ಲಿನ ಹಾಗೆ ಬಗ್ಗುತ್ತದೆ. ನನ್ನ ನಾನೂರು ಮೀಟರ್ ಎಲ್ಲಿ ಹೋಯಿತು ಅಂತ ಆಗ ತಿಳಿಯಿತು.

ಅವರು ಹೇಳಿದ ಇನ್ನೊಂದು ಮಾತು ಇಳಿತದ್ದು. ನಮ್ಮ ತೀರದ ಉತ್ತರ ತುದಿಯಲ್ಲಿ ಕಾಳಿ ಹೊಳೆ ಸಮುದ್ರ ಸೇರುತ್ತದೆ. ಇಳಿತದ ಹೊತ್ತಿಗೆ ಅಳಿವೆ ಹತ್ತಿರ ನೀರು ಹೊರಕ್ಕೆ ಎಳೆಯುತ್ತದೆ, ಆ ಕಡೆ ಮುಖ ಹಾಕಬೇಡಿ ಅಂದರು. ಅಮಾವಾಸ್ಯೆ-ಹುಣ್ಣಿಮೆ ಹತ್ತಿರ ಸೆಳೆತ ಜಾಸ್ತಿ, ಅಷ್ಟಮಿ ಹತ್ತಿರ ಕಡಿಮೆ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಲ್ಲಿಂದ ನನ್ನ ತರಬೇತಿಯ ಪಟ್ಟಿ ಮೊಬೈಲಿನಿಂದ ಅಡುಗೆಮನೆಯ ಗೋಡೆಯ ಪಂಚಾಂಗಕ್ಕೆ ಬಂತು. ಅಷ್ಟಮಿ-ನವಮಿಗೆ ಉದ್ದ ಈಜು, ಹುಣ್ಣಿಮೆಗೆ ಸೈಕಲ್. "ಏಕಾದಶಿ ಯಾವತ್ತು ಅಂತ ಗೊತ್ತಿರ್ಲಿಲ್ಲ, ಈಗ ತಿಥಿ ಪೂರ್ತಿ ಬಾಯಿಪಾಠ" ಅಂತ ಹೆಂಡತಿ ನಗುತ್ತಿದ್ದಳು.

ಈಜಿದ್ದು ಯಾವಾಗಲೂ ದಡಕ್ಕೆ ಸಮವಾಗಿ, ಎದೆಮಟ್ಟದ ನೀರಿನಿಂದ ಜಾಸ್ತಿ ಆಚೆ ಹೋಗದೆ, ಸೊಂಟಕ್ಕೆ ಕಿತ್ತಳೆ ಬಣ್ಣದ ತೇಲುಚೀಲ ಕಟ್ಟಿಕೊಂಡು. ದಡದಲ್ಲಿಟ್ಟಿರುವ ಹಳೇ ಯುದ್ಧನೌಕೆ ಚಾಪಲ್ ನನಗೆ ಒಂದು ಗುರುತು. ಎಂಟು ಸಲ ಕೈ ಹಾಕು, ಒಂದು ಸಲ ಮೊಸಳೆಯ ಹಾಗೆ ಕಣ್ಣಷ್ಟೇ ನೀರಿನ ಮೇಲೆ ತಂದು ನೋಡು, ಆಮೇಲೆ ಪಕ್ಕಕ್ಕೆ ತಿರುಗಿ ಉಸಿರು ತೆಗೆದುಕೋ. ಮೊದಲು ಇಡೀ ತಲೆ ಎತ್ತುತ್ತಿದ್ದೆ. ತಲೆ ಎತ್ತಿದರೆ ಸೊಂಟ ಮುಳುಗುತ್ತದೆ, ಅಲ್ಲಿಗೆ ಬ್ರೇಕ್ ಹಾಕಿದ ಹಾಗೆ. ಇದೊಂದನ್ನು ಸರಿಮಾಡಲು ಒಂದೂವರೆ ತಿಂಗಳು ಹಿಡಿಯಿತು. ಕುತ್ತಿಗೆ, ಕಂಕುಳಿಗೆ ಕೊಬ್ಬರಿ ಎಣ್ಣೆ ಹಚ್ಚದೆ ನೀರಿಗಿಳಿಯಬೇಡಿ. ಉಪ್ಪುನೀರಿನಲ್ಲಿ ಬನಿಯನ್ ಅಂಚು ಉಜ್ಜಿದರೆ ಸ್ನಾನ ಮಾಡುವಾಗ ಗೊತ್ತಾಗುತ್ತದೆ.

ಸೈಕಲ್ ಬಗ್ಗೆ ಹೇಳುವುದು ಕಡಿಮೆ. 2024ರ ಆಗಸ್ಟ್ 6ರ ಮಧ್ಯರಾತ್ರಿ ಕಳೆದು ಕಾಳಿ ಹಳೇ ಸೇತುವೆ ಕುಸಿದ ಮೇಲೆ ಎರಡೂ ದಿಕ್ಕಿನ ಲಾರಿಗಳು ಹೊಸ ಸೇತುವೆಯ ಮೇಲೇ ಬರತೊಡಗಿದವು. ಹಾಗಾಗಿ ಹೊಳೆಯಾಚೆಯ ಮಾಜಾಳಿ ಕಡೆ ಹೋಗುವುದನ್ನು ಬಿಟ್ಟೆ. ಹೊಳೆ ಪಕ್ಕದ ಕೈಗಾ ರಸ್ತೆ ಹಿಡಿದು ಕದ್ರಾ ಕಡೆಗೆ 20 ಕಿಮೀ ಹೋಗಿ ತಿರುಗಿ ಬಂದರೆ ರೇಸಿನ 40 ಆಗುತ್ತದೆ. ಏಳು ಗಂಟೆಯೊಳಗೆ ಮನೆ ಸೇರಬೇಕು. ಮನೆಗೆ ಬಂದ ಕೂಡಲೇ ಸೈಕಲ್ಲನ್ನು ಸಿಹಿನೀರಿನಲ್ಲಿ ತೊಳೆದು, ಒರೆಸಿ, ಚೈನಿಗೆ ಎಣ್ಣೆ ಬಿಡಬೇಕು. ಕಡಲಗಾಳಿಗೆ ಎರಡು ದಿನ ಬಿಟ್ಟರೆ ಚೈನು ಕೆಂಪಾಗುತ್ತದೆ.

ಡಿಸೆಂಬರ್‌ನಲ್ಲಿ ಕರಾವಳಿಯ ಇನ್ನೊಂದು ಊರಿನಲ್ಲಿ ನನ್ನ ಮೊದಲ ಪೂರ್ತಿ ರೇಸ್. ಒಲಿಂಪಿಕ್ ದೂರ. ಈಜು 41 ನಿಮಿಷ, ದಾರಿ ಹೆಚ್ಚುಕಡಿಮೆ ನೇರ. ಆ ಖುಷಿಯಲ್ಲಿ ನೀರಿನಿಂದ ಓಡಿ ಬಂದವನೇ ಸೈಕಲ್ ಎಳೆದುಕೊಂಡು ಹೊರಟೆ. "ಹೆಲ್ಮೆಟ್!" ಅಂತ ಒಬ್ಬರು ಕೂಗಿದರು. ತಲೆ ಮೇಲಿತ್ತು, ಪಟ್ಟಿ ಹಾಕಿರಲಿಲ್ಲ. ಪಟ್ಟಿ ಬಿಗಿದ ಮೇಲೇ ಸೈಕಲ್ ಮುಟ್ಟಬೇಕು ಅನ್ನುವುದು ನಿಯಮ. ನಿಂತೆ. ಉಪ್ಪುನೀರಿಗೆ ಬೆರಳು ನೆನೆದು ಬಿಳಿಚಿಕೊಂಡಿದ್ದವು, ಕೊಂಡಿ ಸಿಗಲೇ ಇಲ್ಲ. ಕಾಲಿನ ಮರಳು ಒರೆಸಿ, ಒದ್ದೆ ಪಾದಕ್ಕೆ ಕಾಲುಚೀಲ ಏರಿಸಿ, ಎಲ್ಲ ಮುಗಿಯುವಾಗ ಆರು ನಿಮಿಷ ದಾಟಿತ್ತು. ಅಷ್ಟು ಸಮಯ ಸೈಕಲ್ಲಿನಲ್ಲಿ ಉಳಿಸಬೇಕಾದರೆ ನಾನು ತಿಂಗಳುಗಟ್ಟಲೆ ತುಳಿಯಬೇಕು!

ಅದಕ್ಕಿಂತ ಕೆಟ್ಟದ್ದು ಹೊಟ್ಟೆ. ರೇಸಿನ ನಡುವೆ ಶಕ್ತಿಗೆ ಅಂತ ನುಂಗುವ ಪೇಟೆಯ ಸಿಹಿ ಜೆಲ್ ಪೊಟ್ಟಣ ಮೂರು ತಂದಿದ್ದೆ. ಅದಕ್ಕೆ ಮೊದಲು ಒಮ್ಮೆಯೂ ನುಂಗಿ ನೋಡಿರಲಿಲ್ಲ. ನೀರು ಕುಡಿಯದೆ ಎರಡು ನುಂಗಿದೆ. ಓಟದ ಮೂರನೇ ಕಿಮೀಗೆ ಹೊಟ್ಟೆ ಹಿಡಿದುಕೊಂಡಿತು. ಆ ಸೆಕೆಯಲ್ಲಿ ನಡೆದು, ಓಡಿ, ಕೂತು, ಮತ್ತೆ ನಡೆದು 10 ಕಿಮೀ ಮುಗಿಸಲು 1 ಗಂಟೆ 14 ನಿಮಿಷ. ಒಟ್ಟು ಮೂರು ಗಂಟೆ 36.

ಆ ಸಲ ಊರಿಗೆ ಹೋದಾಗ ಆಯಿ ಎಂದಿನಂತೆ ನೀರು-ಬೆಲ್ಲ ತಂದಿಟ್ಟಳು. ದೋಸೆಗೆ ಜೋನಿ ಬೆಲ್ಲ. ಚಮಚದಿಂದ ಇಳಿಯುವ ಆ ಬೆಲ್ಲ ನೋಡುತ್ತಿದ್ದವನಿಗೆ ಹೊಳೆಯಿತು, ಜೆಲ್ ಅಂದರೆ ಇದೇ ಅಲ್ವಾ? ಕಾರವಾರಕ್ಕೆ ಒಂದು ಡಬ್ಬಿ ತಂದೆ. ನಾಲ್ಕು ಚಮಚ ಜೋನಿ ಬೆಲ್ಲ, ಒಂದು ಚಿಟಿಕೆ ಉಪ್ಪು, ಸ್ವಲ್ಪ ಮುರುಗಲು ರಸ. ಸಣ್ಣ ಬಾಟಲಿಗೆ ತುಂಬಿ ಸೈಕಲ್ಲಿನ ಚೀಲದಲ್ಲಿಟ್ಟು, ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಗುಟುಕು, ಮೇಲಿಂದ ಎರಡು ಗುಟುಕು ನೀರು. ನಾಲ್ಕು ವಾರ ಕೈಗಾ ರಸ್ತೆಯಲ್ಲಿ ಪರೀಕ್ಷೆ ಮಾಡಿದೆ. ಮೊದಲ ವಾರ ಬೆಲ್ಲ ಜಾಸ್ತಿಯಾಗಿ ಬಾಯಿ ಅಂಟಿತು. ಎರಡನೇ ವಾರ ಮುಚ್ಚಳ ಸಡಿಲಾಗಿ ಚೀಲಕ್ಕೆಲ್ಲ ಇರುವೆ ಮುತ್ತಿತು. ಆಮೇಲೆ ಸರಿಹೋಯಿತು. ನನ್ನ ಹೊಟ್ಟೆಗೆ ಇದು ಹಿಡಿಸಿತು. ನಿಮ್ಮ ಹೊಟ್ಟೆಯ ಜವಾಬ್ದಾರಿ ನನ್ನದಲ್ಲ.

ಜನವರಿಯಲ್ಲಿ ಸಂಜೆ ಹೊತ್ತು ಅಂಗಳದಲ್ಲಿ ಒಂದು ನಾಟಕ ನಡೆಯುತ್ತಿತ್ತು. ಬಕೆಟ್ ನೀರು ಮೈಮೇಲೆ ಸುರಿದುಕೊಂಡು ಓಡಿ ಬರುವುದು, ಹೆಲ್ಮೆಟ್ ಹಾಕಿ ಪಟ್ಟಿ ಬಿಗಿಯುವುದು, ಬೂಟು, ಸೈಕಲ್. ಮಗಳು ಮೊಬೈಲ್ ಹಿಡಿದು ಸೆಕೆಂಡ್ ಎಣಿಸುತ್ತಿದ್ದಳು. ಪಕ್ಕದ ಮನೆಯವರು ಕಿಟಕಿ ಮುಚ್ಚುವುದನ್ನು ಮರೆತು ನಿಂತಿರುತ್ತಿದ್ದರು. ಕಾಲುಚೀಲದೊಳಗೆ ಮೊದಲೇ ಪೌಡರ್ ಉದುರಿಸಿ, ಅರ್ಧ ಮಡಚಿ ಬೂಟಿನ ಮೇಲಿಟ್ಟರೆ ಒದ್ದೆ ಪಾದ ಸಲೀಸಾಗಿ ಹೋಗುತ್ತದೆ ಅಂತ ಕಂಡುಹಿಡಿದದ್ದು ಅವಳೇ.

ಫೆಬ್ರವರಿ ರೇಸಿನ ಹಿಂದಿನ ಸಂಜೆ ನಾನು ಮಾಡಿದ ಮೊದಲ ಕೆಲಸ ದಡದಲ್ಲಿ ನಿಂತು ಹಿಂದೆ ನೋಡಿದ್ದು. ನೀರಿನಿಂದ ಮೇಲೆ ಬರುವ ಜಾಗದಲ್ಲಿ ಗಾಳಿ ತುಂಬಿದ ಕಮಾನು, ಅದರ ಹಿಂದೆ ದೂರದಲ್ಲಿ ಒಂದು ಮೊಬೈಲ್ ಗೋಪುರ. ಬೆಳಿಗ್ಗೆ ಕೊನೆಯ ಬೋಯೆ ತಿರುಗಿ ಕಣ್ಣೆತ್ತಿದಾಗ ಗೋಪುರ ಕಮಾನಿನಿಂದ ಎಡಕ್ಕೆ ಬಂದುಬಿಟ್ಟಿತ್ತು. ಅಂದರೆ ನಾನೂ ಎಡಕ್ಕೆ ಸರಿದಿದ್ದೆ. ಸುತ್ತಲಿನವರೆಲ್ಲ ಕಮಾನನ್ನೇ ನೋಡಿಕೊಂಡು ಹೋಗುತ್ತಿದ್ದರು. ನಾನು ಕಮಾನಿಗಿಂತ ಬಲಕ್ಕೆ ಮುಖ ಮಾಡಿ ಇಪ್ಪತ್ತು ಕೈ ಹಾಕಿದೆ. ಮತ್ತೆ ನೋಡಿದರೆ ಗೋಪುರ ಸರಿಯಾಗಿ ಕಮಾನಿನ ನೆತ್ತಿಯ ಮೇಲೆ! ಈಜು 36 ನಿಮಿಷ, ಬಟ್ಟೆ-ಬೂಟಿನ ಗಲಾಟೆ ನಾಲ್ಕರೊಳಗೆ, ಓಟ ನಿಲ್ಲದೆ 1 ಗಂಟೆ 5. ಒಟ್ಟು ಮೂರು ಗಂಟೆ 15ರ ಒಳಗೆ. ನನ್ನ ವಯಸ್ಸಿನವರ ಪಟ್ಟಿಯಲ್ಲಿ ಮೇಲಿನಿಂದ ಹುಡುಕುವುದಕ್ಕಿಂತ ಕೆಳಗಿನಿಂದ ಹುಡುಕಿದರೆ ಈಗಲೂ ಬೇಗ ಸಿಗುತ್ತೇನೆ.

ದೋಣಿಯ ಹಿರಿಯರಿಗೆ ಮೆಡಲ್ ತೋರಿಸಿದೆ. ತಿರುಗಿಸಿ ತೂಕ ನೋಡಿ, "ಇದಕ್ಕೆ ಅವ್ರು ದುಡ್ಡೆಷ್ಟು ಕೊಟ್ರು?" ಅಂದರು. ದುಡ್ಡು ಕೊಟ್ಟವನು ನಾನೇ ಅಂದಾಗ ಅವರಿಗೆ ನಂಬಿಕೆಯೇ ಬರಲಿಲ್ಲ.

ಈಗ ಜೂನ್. ಮೀನುಗಾರಿಕೆ ನಿಷೇಧದ 61 ದಿನ ಶುರುವಾಗಿದೆ, ಯಾಂತ್ರಿಕ ದೋಣಿಗಳೆಲ್ಲ ದಡ ಸೇರಿವೆ. ನಾನೂ ಸಮುದ್ರಕ್ಕೆ ಇಳಿಯುವುದಿಲ್ಲ. ಮುಂದಿನ ಸಲ ಗೋವಾದ ಪೂರ್ತಿ ರೇಸಿಗೆ ಹೆಸರು ಕೊಡುವ ಯೋಚನೆ ಇದೆ ಅಂತ ಮೊನ್ನೆ ಫೋನಿನಲ್ಲಿ ಆಯಿಗೆ ಹೇಳಿದೆ. ಆಚೆಯಿಂದ ಪಂಚಾಂಗದ ಹಾಳೆ ಮಗುಚುವ ಸದ್ದು ಕೇಳಿತು. ನಮ್ಮ ಕಡೆ ದೊಡ್ಡಬ್ಬ ಅಂದರೆ ದೀಪಾವಳಿ.

"ತಮಾ, ದೊಡ್ಡಬ್ಬದ ದಿನ ಮಾತ್ರ ಎಲ್ಲಿಗೂ ಹೋಗಡ."