ಹುಳುಕಡ್ಡಿಗೆ ತಗಚೆ ಬೀಜ: ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಮಾಗಡಿ ಕಡೆಯ ಹಳ್ಳಿಯಿಂದ ಬಂದು ಕೆಂಗೇರಿಯಲ್ಲಿ ಸಂಸಾರ ಮಾಡುತ್ತಿರುವವಳು. ನಮ್ಮತ್ತೆ ಊರಲ್ಲಿ ಹುಳುಕಡ್ಡಿಗೆ, ಕಜ್ಜಿಗೆ ಔಷಧಿ ಕೊಡುತ್ತಿದ್ದರು. ಅವರ ಜೊತೆ ಕೂತು ಕುಟ್ಟಿ ಅರೆದು ಕಲಿತದ್ದನ್ನೇ ಈಗ ಮನೆಯವರಿಗೆ, ಅಕ್ಕಪಕ್ಕದವರಿಗೆ ಮಾಡಿಕೊಡುತ್ತೇನೆ. ದುಡ್ಡು ತಗೊಳ್ಳುವುದಿಲ್ಲ.

ಯಾರಾದರೂ ಕೆರೆದುಕೊಳ್ಳುತ್ತಾ ಬಂದರೆ ತಕ್ಷಣ ಬೀಜ ನೆನೆಹಾಕುವುದಿಲ್ಲ, ಬೆಳಕಿಗೆ ಕರೆದು ನೋಡುತ್ತೇನೆ. ಹುಳುಕಡ್ಡಿ ಆದರೆ ಅಂಚು ಉಬ್ಬಿ ಕೆಂಪಗೆ ಉಂಗುರದ ಹಾಗಿರುತ್ತದೆ, ನಡುವೆ ವಾಸಿಯಾದಂತೆ ಕಾಣುತ್ತದೆ. ಸೊಂಟ, ತೊಡೆಸಂದು, ಬೆವರು ನಿಲ್ಲುವ ಕಡೆಯೆಲ್ಲಾ ಅದು ಜಾಸ್ತಿ. ಬೆರಳ ಸಂದಿಯಲ್ಲಿ, ಮಣಿಕಟ್ಟಿನಲ್ಲಿ ಸಣ್ಣ ಗುಳ್ಳೆ, ರಾತ್ರಿ ನಿದ್ದೆ ಬಿಡದ ತುರಿಕೆ, ಮನೆಯಲ್ಲಿ ಇನ್ನೊಬ್ಬರಿಗೂ ಇದೆ ಅಂದರೆ ಅದು ಬಹುಪಾಲು ಕಜ್ಜಿ. ಹುಳುಕಡ್ಡಿ ಬೂಷ್ಟಿನ ಜಾತಿಯದು, ಕಜ್ಜಿ ಚರ್ಮ ಕೊರೆಯುವ ಹುಳದ್ದು. ಎರಡಕ್ಕೂ ಒಂದೇ ಲೇಪ ಮೆತ್ತಿ ಆಮೇಲೆ ನಾಟಿ ಔಷಧಿಯನ್ನು ಬೈಯುವವರು ತುಂಬಾ ಜನ ಇದ್ದಾರೆ.

ಹುಳುಕಡ್ಡಿಗೆ ನಾನು ನಂಬುವುದು ತಗಚೆ. ಮಳೆಗಾಲದಲ್ಲಿ ಖಾಲಿ ಸೈಟು, ರಸ್ತೆ ಬದಿ ಎಲ್ಲಿ ನೋಡಿದರೂ ಇರುತ್ತದೆ: ಹಳದಿ ಹೂವು, ಮೂರು ಜೊತೆ ಎಲೆ, ಎಲೆಯ ತುದಿ ದುಂಡಗೆ, ಸಂಜೆಯಾದರೆ ಮಡಚಿಕೊಳ್ಳುತ್ತವೆ, ಹಿಸುಕಿದರೆ ಕೆಟ್ಟ ವಾಸನೆ. ಮಳೆ ನಿಂತ ಮೇಲೆ ತೆಳ್ಳಗಿನ ಉದ್ದ ಕಾಯಿ ಒಣಗುತ್ತದೆ, ಆಗ ಬೀಜ ಬಿಡಿಸಿಟ್ಟುಕೊಳ್ಳುತ್ತೇನೆ. ಇದರ ಜೊತೆಗೇ ಇನ್ನೊಂದು ಗಿಡ ಬೆಳೆಯುತ್ತದೆ, ಎಲೆ ತುದಿ ಚೂಪು, ನಾಲ್ಕೈದು ಜೊತೆ. ಅದು ಕಾಸಮರ್ದ. ಅದರ ಬೀಜ ತಿಂದು ಉತ್ತರ ಪ್ರದೇಶದ ಪಶ್ಚಿಮ ಜಿಲ್ಲೆಗಳಲ್ಲಿ ಮಕ್ಕಳು ಸತ್ತಿದ್ದಾರೆ. ಹಾಗಾಗಿ ಗಿಡ ಗುರುತು ಸಿಗದವರು ಗ್ರಂಥಿಗೆ ಅಂಗಡಿಯಲ್ಲೇ ಕೇಳಿ ತಗೊಳ್ಳಿ, ತಂದದ್ದನ್ನು ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಬೀಜ ಕಲ್ಲಿನಂತೆ ಗಟ್ಟಿ. ಹುಳಿ ಮಜ್ಜಿಗೆಯಲ್ಲಿ ರಾತ್ರಿಯೆಲ್ಲಾ ನೆನೆಸಿ ಬೆಳಿಗ್ಗೆ ಒರಳಿನಲ್ಲಿ ನುಣ್ಣಗೆ ಅರೆಯಬೇಕು. ಮಿಕ್ಸಿಯಲ್ಲೂ ಆಗುತ್ತದೆ, ಆದರೆ ತರಿ ಉಳಿದರೆ ಚರ್ಮ ಗೀಚುತ್ತದೆ. ಅತ್ತೆ ನಿಂಬೆರಸ ಹಾಕುತ್ತಿದ್ದರು, ನಾನು ಬಿಟ್ಟಿದ್ದೇನೆ: ನಿಂಬೆರಸ ಮೆತ್ತಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂತೆ ಗುಳ್ಳೆ ಏಳುತ್ತದೆ, ಕಪ್ಪು ಕಲೆ ಎಷ್ಟೋ ದಿನ ಉಳಿಯುತ್ತದೆ. ಅವತ್ತು ಅರೆದದ್ದು ಅವತ್ತಿಗೇ, ಫ್ರಿಜ್‌ನಲ್ಲಿಟ್ಟು ಮರುದಿನ ಹಚ್ಚುವುದು ಬೇಡ. ಮೊದಲು ಮೊಳಕೈ ಒಳಭಾಗದಲ್ಲಿ ಚೂರು ಹಚ್ಚಿ ಒಂದು ದಿನ ಕಾಯಿಸುತ್ತೇನೆ. ಉರಿಯದಿದ್ದರೆ ಮಾತ್ರ ಮಚ್ಚೆಗೆ, ಅದರ ಅಂಚಿನ ಹೊರಗೂ ಒಂದಿಷ್ಟು, ಒಣಗಿದ ಮೇಲೆ ತೊಳೆದು ನೀರು ಪೂರ್ತಿ ಒರೆಸಬೇಕು. ಕೆರೆದು ರಕ್ತ ಬಂದ ಕಡೆ ಮುಟ್ಟಲೇಬಾರದು. ಈ ಬೀಜದಲ್ಲಿ ಕ್ರೈಸೋಫನಾಲ್ ಜಾತಿಯ ಅಂಶಗಳಿವೆ, ಪ್ರಯೋಗಶಾಲೆಯಲ್ಲಿ ಅವು ಹುಳುಕಡ್ಡಿಯ ಶಿಲೀಂಧ್ರವನ್ನು ತಡೆಯುತ್ತವೆ. ಗಾಜಿನ ತಟ್ಟೆಯಲ್ಲಿ ಸತ್ತದ್ದು ಬೆವರುವ ಸೊಂಟದ ಮೇಲೂ ಸಾಯುತ್ತದೆ ಅಂತ ನಾನು ಹೇಳುವುದಿಲ್ಲ. ಸಣ್ಣ, ಹೊಸ ಮಚ್ಚೆಗೆ ಕೆಲಸ ಮಾಡಿದ್ದನ್ನು ನೋಡಿದ್ದೇನೆ, ಹಳೆಯದಕ್ಕೆ, ಮೈತುಂಬಾ ಹರಡಿದ್ದಕ್ಕೆ ನೋಡಿಲ್ಲ.

ಬೆಂಗಳೂರಿನಲ್ಲಿ ನನ್ನ ದೊಡ್ಡ ತಲೆನೋವು ಮೆಡಿಕಲ್ ಸ್ಟೋರಿನ ಟ್ಯೂಬು. ಬಂದವರನ್ನು ನಾನು ಮೊದಲು ಕೇಳುವುದೇ ಇದನ್ನು: ಏನು ಹಚ್ಚಿದ್ದೀರಿ, ತಂದು ತೋರಿಸಿ. ಎಷ್ಟೋ ಸಲ ಅದು ಸ್ಟೀರಾಯ್ಡ್ ಬೆರೆಸಿದ ಕ್ರೀಮು, ಚೀಟಿ ಇಲ್ಲದೆ ತಂದದ್ದು. ಎರಡು ದಿನದಲ್ಲಿ ತುರಿಕೆ ಮಾಯ, ಎಲ್ಲರಿಗೂ ಖುಷಿ, ಒಳಗೆ ಮಾತ್ರ ಶಿಲೀಂಧ್ರ ಆರಾಮಾಗಿ ಹರಡುತ್ತಿರುತ್ತದೆ, ಉಂಗುರದ ಆಕಾರವೂ ಅಳಿಸಿ ಡಾಕ್ಟರಿಗೇ ಗುರುತು ಹಿಡಿಯುವುದು ಕಷ್ಟ ಆಗುತ್ತದೆ. 2018ರಲ್ಲಿ ಸರ್ಕಾರ ಇಂಥ 14 ಸ್ಟೀರಾಯ್ಡ್‌ಗಳನ್ನು ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಕೇಳುವವರು ಯಾರು ಹೇಳಿ! ಮೊದಲಾದರೆ ಬೇಗ ಹೋಗುತ್ತಿದ್ದ ಹುಳುಕಡ್ಡಿ ಈಗ ಎಷ್ಟೋ ಜನರಲ್ಲಿ ಮಾತ್ರೆಗೂ ಜಗ್ಗುವುದಿಲ್ಲ, ಹಾಗೆ ಜಗ್ಗದ ಶಿಲೀಂಧ್ರದ ಒಂದು ಜಾತಿಗೆ ಟ್ರೈಕೋಫೈಟಾನ್ ಇಂಡೋಟಿನಿಯೆ ಅಂತ 2020ರಲ್ಲಿ ಹೊಸ ಹೆಸರನ್ನೇ ಇಟ್ಟರು. ಟ್ಯೂಬು ಹಚ್ಚಿ ಬಂದವರಿಗೆ ನಾನು ತಗಚೆ ಕೊಡುವುದಿಲ್ಲ, ನೇರ ಚರ್ಮದ ಡಾಕ್ಟರ್ ಹತ್ತಿರ ಕಳಿಸುತ್ತೇನೆ.

ಕಜ್ಜಿಗೆ ಊರಲ್ಲಿ ಹೊಂಗೆ ಎಣ್ಣೆ ಅಥವಾ ಬೇವಿನ ಸೊಪ್ಪು ಅರಿಶಿನ ಅರೆದು ಹಚ್ಚುತ್ತಿದ್ದರು. ಬೇವು ಅರಿಶಿನದ ಲೇಪವನ್ನು 814 ಜನರ ಮೇಲೆ ನೋಡಿ ಹೆಚ್ಚಿನವರಿಗೆ ವಾಸಿಯಾಯಿತು ಅಂತ 1992ರಲ್ಲಿ ಬರೆದಿದ್ದಾರೆ. ಇರಲಿ, ಆದರೆ ನಾನು ಈಗ ಡಾಕ್ಟರ್ ಬರೆದುಕೊಡುವ ಪರ್ಮೆಥ್ರಿನ್ ಕ್ರೀಮನ್ನೇ ಹೇಳುತ್ತೇನೆ. ಎಣ್ಣೆ ಆಗಲಿ ಕ್ರೀಮಾಗಲಿ, ಮನೆಯವರೆಲ್ಲಾ ಒಂದೇ ದಿನ ಹಚ್ಚಿ ಬಟ್ಟೆ, ಹಾಸಿಗೆ ಬಿಸಿನೀರಲ್ಲಿ ಒಗೆಯದಿದ್ದರೆ ಕಜ್ಜಿ ಒಬ್ಬರಿಂದ ಒಬ್ಬರಿಗೆ ಸುತ್ತುತ್ತಲೇ ಇರುತ್ತದೆ.

ಸರ್ಪಸುತ್ತಿಗೆ ಕೆಮ್ಮಣ್ಣು ಬಳಿಯಿರಿ ಅಂತ ಬಂದರೆ ಕೈ ಮುಗಿಯುತ್ತೇನೆ. ಗುಳ್ಳೆ ಎದ್ದ 72 ಗಂಟೆಯೊಳಗೆ ಡಾಕ್ಟರ್ ಕೊಡುವ ವೈರಸ್ ತಡೆಯುವ ಮಾತ್ರೆ ಶುರು ಮಾಡಿದರೆ ಒಳ್ಳೆಯದು, ಮಣ್ಣು ಬಳಿದು ಆ ಹೊತ್ತು ಕಳೆಯಬಾರದು. ಮುಟ್ಟಿದರೆ ಗೊತ್ತಾಗದ ಬಿಳಿ ಮಚ್ಚೆ ಇದ್ದರೆ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ, ಕುಷ್ಠಕ್ಕೆ ಅಲ್ಲಿ ಪುಕ್ಕಟೆ ಔಷಧಿ ಇದೆ. ಸಕ್ಕರೆ ಕಾಯಿಲೆಯವರ ಕಾಲು, ಎಳೆ ಮಕ್ಕಳ ಚರ್ಮ, ಇವನ್ನೂ ನಾನು ಮುಟ್ಟುವುದಿಲ್ಲ.

ಇನ್ನೊಂದು ನಮ್ಮ ಬೆಂಗಳೂರಿನದ್ದೇ ಕಥೆ. ಮುಖ, ಕತ್ತು, ಮೊಳಕೈ ಮಡಿಕೆ ದಪ್ಪಗಾಗಿ ಕಪ್ಪಾಗಿ ತುರಿಸುತ್ತದೆ, ಬಟ್ಟೆ ಮುಚ್ಚಿದ ಕಡೆ ಏನೂ ಇಲ್ಲ. ಇಸುಬು ಅಂತ ಬರುತ್ತಾರೆ. ಕೇಳಿದರೆ ಸೈಟು ಸವರುವ ಕೆಲಸ, ಇಲ್ಲವೇ ಪಾರ್ಕಿನಲ್ಲಿ ಕಳೆ ಕೀಳುವವರು. ಅದು ಕಾಂಗ್ರೆಸ್ ಗಿಡದ, ಅಂದರೆ ಪಾರ್ಥೇನಿಯಂನ ಅಲರ್ಜಿ. ಆ ಗಿಡ ತಿನ್ನಲಿ ಅಂತ ಮೆಕ್ಸಿಕೋದ ಜೀರುಂಡೆ ತರಿಸಿ 1984ರಲ್ಲಿ ಇಲ್ಲೇ ಬಿಟ್ಟರು, ಜೀರುಂಡೆ ಇದೆ, ಗಿಡವೂ ಇದೆ. ಇವರಿಗೆ ಯಾವ ಸೊಪ್ಪು ಹಚ್ಚಿದರೂ ಉರಿ ಜಾಸ್ತಿಯೇ ಆಗುತ್ತದೆ. ಕೆಲಸ ಬದಲಿಸಿಕೊಳ್ಳಿ, ಆಗದಿದ್ದರೆ ತುಂಬು ತೋಳು, ಗ್ಲೌಸ್ ಹಾಕಿ, ಮನೆಗೆ ಬಂದ ಕೂಡಲೇ ಮೈ ತೊಳೆದು ಬಟ್ಟೆ ಬದಲಿಸಿ, ಯಾವುದರ ಅಲರ್ಜಿ ಅಂತ ಚರ್ಮದ ಮೇಲೆ ನೋಡುವ ಪ್ಯಾಚ್ ಟೆಸ್ಟ್ ಮಾಡಿ ಅಂತ ಡಾಕ್ಟರನ್ನು ಕೇಳಿ. ನಾನೂ ತಗಚೆ ಕೀಳಲು ಖಾಲಿ ಸೈಟಿಗೆ ಹೋಗುವಾಗ ಗ್ಲೌಸ್ ಹಾಕಿಕೊಂಡೇ ಹೋಗುವುದು, ಎರಡೂ ಒಂದೇ ಜಾಗದಲ್ಲಿ ಬೆಳೆಯುತ್ತವಲ್ವಾ.