ಕೈಕೊಟ್ಟ ‘ಇಸು’, ಕೈಹಿಡಿದ ‘ಅಲಿ’

ಗ್ರೀಕ್ ಪದ, ಪಕ್ಕದಲ್ಲೇ ಕನ್ನಡ, ನಡುವೆ ಇಂಗ್ಲಿಷ್ ಬೇಡ. ಬೈಬಲ್‌ನಲ್ಲಿರುವ ಪೌಲನ ಪತ್ರವನ್ನು ಹೀಗೆ ಓದಿಸುತ್ತೇನೆ ಅಂದಾಗ ಸಭೆಯ ಹಿರಿಯರೊಬ್ಬರು ನಕ್ಕಿದ್ದರು. “ಇಂಗ್ಲಿಷ್ ಇಲ್ಲದೆ ಗ್ರೀಕ್ ಬರುತ್ತೇನಪ್ಪಾ?” ಮೊನ್ನೆ ಅವರೇ ನನ್ನ ನೋಟ್‌ಬುಕ್ ಜೆರಾಕ್ಸ್ ಮಾಡಿಸಿಕೊಂಡು ಹೋದರು.

ಅದಕ್ಕೂ ಮುಂಚೆ ಆನ್‌ಲೈನ್ ಕೋರ್ಸ್‌ಗೆ ಸುಮಾರು 15,000 ಸುರಿದಿದ್ದೆ. ದಪ್ಪ ನಿಘಂಟಿಗೆ 9,000 ಚಿಲ್ಲರೆ. ಮನೆಯವಳು ಆ ನಿಘಂಟನ್ನು ಇವತ್ತಿಗೂ ‘ನನ್ನ ಬಳೆ’ ಅಂತಲೇ ಕರೆಯುತ್ತಾಳೆ.

ಸಿಕ್ಕಿಹಾಕಿಕೊಂಡಿದ್ದು 1 ಕೊರಿಂಥ 7:36–38ರಲ್ಲಿ, ಅಂದರೆ ಕೊರಿಂಥದವರಿಗೆ ಪೌಲ ಬರೆದ ಮೊದಲ ಪತ್ರದ 7ನೇ ಅಧ್ಯಾಯದ ಆ ಮೂರು ವಚನಗಳಲ್ಲಿ. ‘ಅವನ ಕನ್ಯೆ’ ಅಂದರೆ ಮಗಳಾ, ನಿಶ್ಚಯವಾದ ಹುಡುಗಿಯಾ? ಮಗಳಾದರೆ ತೀರ್ಮಾನ ಅಪ್ಪನದು. ಇಲ್ಲದಿದ್ದರೆ ಮದುವೆಯಾಗೋದು, ಒಂಟಿಯಾಗಿರೋದು ಆ ಗಂಡಿಗೇ ಬಿಟ್ಟದ್ದು.

38ರಲ್ಲಿ ಇರುವುದು ‘ಗಮೇಓ’ (ಮದುವೆಯಾಗು) ಅಲ್ಲ, ‘ಗಮೀಜೋ’. ನನಗೆ ಅದು ಮಾಡು–ಮಾಡಿಸು ಥರ ಕಂಡಿತು. ಮದುವೆ ಮಾಡಿಕೊಡುವವನು ಅಪ್ಪನೇ ಅಲ್ವಾ? ಹಳೇ ಗ್ರೀಕ್ ವ್ಯಾಕರಣಕಾರ ಅಪೊಲೊನಿಯಸ್ ಡಿಸ್ಕೊಲಸ್ ಕೂಡ ಇದೇ ವ್ಯತ್ಯಾಸ ಹೇಳಿದ್ದಾನೆ. ಮೂರು ಭಾನುವಾರ ಬೀಗುತ್ತಾ ಪಾಠ ಮಾಡಿದೆ.

ಕೆಡಿಸಿದ್ದು 36ರ ಕೊನೆಯ ಪದ, ‘ಗಮೇಯ್ತೋಸಾನ್’. ಕನ್ನಡದಲ್ಲಿ ಬರೆದೆ: ‘ಅವರು ಮದುವೆಯಾಗಲಿ’. ಅವರು ಅಂದರೆ ಯಾರು? ಅಪ್ಪ–ಮಗಳ ಲೆಕ್ಕದಲ್ಲಿ ವರನ ಸುದ್ದಿಯೇ ಇಲ್ಲ! ಹುಡುಗ–ಹುಡುಗಿ ಅಂದುಕೊಂಡರೆ ಇಬ್ಬರೂ ಕಣ್ಣೆದುರೇ ಇದ್ದಾರೆ.

ಹಾಗಾದರೆ ಗಮೀಜೋ? ‘ಈಜೋ’ ಪದಗಳನ್ನೆಲ್ಲ ಪಟ್ಟಿ ಮಾಡಿದೆ. ‘ನೊಮೀಜೋ’ ಅಂದರೆ ಯೋಚಿಸು, ಅದೂ ಇದೇ 36ರಲ್ಲಿದೆ. ‘ಎಲ್ಪೀಜೋ’ ಅಂದರೆ ನಿರೀಕ್ಷಿಸು. ಇಲ್ಲಿ ಮಾಡಿಸುವ ಮಾತೆಲ್ಲಿ? ನಮ್ಮ ‘ಪ್ರೀತಿಸು’ ಕೂಡ ಹಾಗೇ. ಯಾರಿಂದಲೂ ಪ್ರೀತಿ ಮಾಡಿಸುವುದಿಲ್ಲ! ನಾಮಪದಕ್ಕೆ ‘ಇಸು’ ಅಂಟಿದೆ, ಅಷ್ಟೆ. ‘ಗಮೊಸ್’ ಅಂದರೆ ಮದುವೆ, ಅದಕ್ಕೆ ‘ಈಜೋ’ ಅಂಟಿದೆ. ನಾಲ್ಕನೇ ಭಾನುವಾರ ಹಿಂದಿನ ಪಾಠ ಅಳಿಸಿದೆ. ಮುಜುಗರ ಜಾಸ್ತಿಯೇ ಆಯ್ತು.

ಮಾರ್ಕ 12:25ರಲ್ಲಿ ಅದೇ ಪದಕ್ಕೆ ‘ಮಾಡಿಕೊಡು’ ಅನ್ನೋ ಅರ್ಥವಿದೆಯಲ್ಲ ಅಂತ ಒಬ್ಬರು ಅಕ್ಕ ಹಿಡಿದರು. ನಿಜವೇ. ಅದಕ್ಕೇ ನಾನು ಭಾರ ಹಾಕಿರುವುದು ಆ ‘ಅವರು’ ಮೇಲೆ.

ನಡುವೆ ಸುಮ್ನೆ ಅದೇ 36ರ ‘ಹುಪೆರಾಕ್ಮೊಸ್’ (ಮೀರಿದ ಸ್ಥಿತಿ ಹೇಳುವ ಪದ) ಹಿಡಿದು ನೋಡಿದೆ. ಗಂಡಿಗೂ ಹೆಣ್ಣಿಗೂ ಒಂದೇ ರೂಪ. ಪ್ರಾಯ ಮೀರಿದ್ದು ಅವಳಿಗೋ, ಆಸೆ ಮೀರಿದ್ದು ಅವನಿಗೋ? ಕನ್ನಡದ ‘ಮೀರಿದ್ದರೆ’ ಲಿಂಗ ಹೇಳುವುದಿಲ್ಲ. ಗ್ರೀಕ್‌ನ ಗೊಂದಲ ಹಾಗೇ ಉಳಿಯಿತು, ಖುಷಿಯಾಯಿತು.

 

ಈಗ ಅದೇ ಅಧ್ಯಾಯದ 27ರ ‘ಲೆಲೂಸಾಯ್’ (ಬಿಡುಗಡೆಯಾಗಿದ್ದೀಯಾ) ಕಾಡುತ್ತಿದೆ. ‘ಹೆಂಡತಿಯನ್ನು ಬಿಟ್ಟಿದ್ದೀಯಾ’ ಅಂತ ಬರೆದರೆ ಜಗಳ. ‘ಬಿಡುವಾಗಿದ್ದೀಯಾ’ ಅಂದರೆ ನಗು.