ಮೊದಲು ಚಿತ್ರ ನೋಡಿ, ಕತೆ ಆಮೇಲೆ

ನಾನು ಡಿಗ್ರಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ತೌಲನಿಕ ಸಾಹಿತ್ಯದಲ್ಲಿ ಹೆಣ್ಣಿನ ದನಿಯ ವಿಷಯ ಬಂದಾಗ ಅಕ್ಕಮಹಾದೇವಿಯ ಪಕ್ಕದಲ್ಲಿ ಆರ್ಟೆಮೀಸಿಯಾ ಜೆಂಟಿಲೆಸ್ಕಿಯನ್ನು ಇಟ್ಟುಕೊಳ್ಳುತ್ತೇನೆ. ಅಕ್ಕ 12ನೇ ಶತಮಾನದವಳು. ಆರ್ಟೆಮೀಸಿಯಾ 1593ರಲ್ಲಿ ರೋಮಿನಲ್ಲಿ ಹುಟ್ಟಿದ ಚಿತ್ರಕಾರ್ತಿ. ಒಬ್ಬರ ಪ್ರಭಾವ ಇನ್ನೊಬ್ಬರ ಮೇಲೆ ಅನ್ನೋ ಮಾತೇ ಇಲ್ಲ. ಆದರೆ ಹೆಣ್ಣಿನ ಮೈಯನ್ನು ಯಾರು, ಎಲ್ಲಿ ನಿಂತು ನೋಡುತ್ತಿದ್ದಾರೆ ಎಂಬ ಪ್ರಶ್ನೆ ಇಬ್ಬರಲ್ಲೂ ಇದೆ. ಪಾಠ ಶುರು ಮಾಡೋಕೆ ನನಗೆ ಅಷ್ಟು ಸಾಕು.

ಹೆಸರು, ಇಸವಿ ಏನೂ ಹೇಳದೆ ಪರದೆಯ ಮೇಲೆ ಎರಡು ಚಿತ್ರ ಹಾಕುತ್ತೇನೆ. ಎರಡರಲ್ಲೂ ಇರುವುದು ಬೈಬಲ್ಲಿನ ಸುಸಾನಳ ಕತೆ. ಸ್ನಾನಕ್ಕೆ ಬಂದವಳನ್ನು ಊರಿನ ಇಬ್ಬರು ಹಿರಿಯರು ಕದ್ದು ನೋಡುತ್ತಾರೆ. ನಮಗೆ ಒಪ್ಪಿಕೋ, ಇಲ್ಲದಿದ್ದರೆ ಹಾದರದ ಆರೋಪ ಹೊರಿಸುತ್ತೇವೆ ಅಂತ ಹೆದರಿಸುತ್ತಾರೆ. ಕತೆ ಇಷ್ಟೇ ಹೇಳಿ ಸುಮ್ಮನಾಗುತ್ತೇನೆ. ‘ಚೆನ್ನಾಗಿದೆ’, ‘ಬೋಲ್ಡ್ ಆಗಿದೆ’ ಅನ್ನೋ ಮಾತು ಬೇಡ, ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಿರಿ ಅನ್ನುತ್ತೇನೆ. ಅವಳ ಕಣ್ಣು ಎಲ್ಲಿದೆ? ಕೈ ಏನು ಮಾಡುತ್ತಿದೆ? ನಾವು ಯಾರ ಜಾಗದಲ್ಲಿ ನಿಂತಿದ್ದೇವೆ?

ಮೊದಲ ಐದು ನಿಮಿಷ ಏನೂ ಬರುವುದಿಲ್ಲ. ಆಮೇಲೆ ಬರುತ್ತದೆ. ಇಟಲಿಯ ಚಿತ್ರಕಾರ ಟಿಂಟೊರೆಟ್ಟೊ 1550ರ ದಶಕದಲ್ಲಿ ಬರೆದ ಚಿತ್ರದಲ್ಲಿ ಹಸಿರು ತೋಟವಿದೆ, ಮುತ್ತಿನ ಸರವಿದೆ. ಸುಸಾನ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುತ್ತಾ ಕೂತಿದ್ದಾಳೆ. ಬೇಲಿಯ ಮರೆಯಿಂದ ಒಂದು ಬೋಳುತಲೆ ಇಣುಕುತ್ತದೆ. ಅವಳಿಗೆ ಗೊತ್ತಿಲ್ಲ, ನಮಗೆ ಗೊತ್ತು. ಅಂದರೆ ನಾವೂ ಇಣುಕುವವರ ಪೈಕಿಯೇ. ಆರ್ಟೆಮೀಸಿಯಾಳ ಚಿತ್ರದಲ್ಲಿ ತೋಟವೇ ಇಲ್ಲ. ಬರೀ ಕಲ್ಲಿನ ಕಟ್ಟೆ, ಹಿಂದೆ ಆಕಾಶ. ಗಂಡಸರಿಬ್ಬರೂ ಗೋಡೆಯ ಮೇಲಿಂದ ಅವಳ ತಲೆಯ ಹತ್ತಿರಕ್ಕೇ ಬಾಗಿದ್ದಾರೆ. ಒಬ್ಬ ತುಟಿಯ ಮೇಲೆ ಬೆರಳಿಟ್ಟಿದ್ದಾನೆ. ಅವಳು ಮುಖ ಕಿವುಚಿ, ಮೈ ತಿರುಚಿ, ಎರಡೂ ಕೈ ಎತ್ತಿ ಅವರನ್ನು ತಡೆಯುತ್ತಿದ್ದಾಳೆ. ‘ಬಸ್ಸಲ್ಲಿ ನಾವು ಹೀಗೇ ಕೂತಿರ್ತೀವಿ ಮೇಡಂ’ ಅಂತ ಹಿಂದಿನ ಬೆಂಚಿನಿಂದ ಒಂದು ದನಿ ಬಂತು. ಯಾವ ವಿಮರ್ಶೆಯಲ್ಲೂ ಓದದ ಮಾತದು.

ಇಷ್ಟೆಲ್ಲ ಆದ ಮೇಲೆ ಚಿತ್ರಕಾರ್ತಿಯ ಹೆಸರು, ಬದುಕು. 1611ರಲ್ಲಿ ಅಗೊಸ್ಟಿನೊ ಟಾಸಿ ಎಂಬ ಚಿತ್ರಕಾರ ಅವಳ ಮೇಲೆ ಅತ್ಯಾಚಾರ ಮಾಡಿದ. 1612ರಲ್ಲಿ ವಿಚಾರಣೆ ನಡೆಯಿತು. ಅವಳು ಕೊಟ್ಟ ಹೇಳಿಕೆ ಇವತ್ತಿಗೂ ಉಳಿದಿದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮಕ್ಕಳಿಗೆ ಚಿತ್ರ ಕಾಣುವುದೇ ಇಲ್ಲ, ಕೇಸ್ ಮಾತ್ರ ಕಾಣುತ್ತದೆ. ಆದರೆ ಚಿತ್ರದಲ್ಲಿ ಅವಳ ಸಹಿಯ ಜೊತೆ ಇರುವ ಇಸವಿ 1610. ಆಗ ಅವಳಿಗೆ ಹದಿನೇಳರ ಆಸುಪಾಸು. ಕಿರುಕುಳ ಮೊದಲೇ ಶುರುವಾಗಿತ್ತು ಅನ್ನುವವರಿದ್ದಾರೆ, ತಾನೂ ಚಿತ್ರಕಾರನಾಗಿದ್ದ ಅಪ್ಪ ಒರಾಜಿಯೊನ ಸಹಾಯ ಎಷ್ಟಿತ್ತು ಅಂತ ವಾದ ಮಾಡುವವರೂ ಇದ್ದಾರೆ. ಇರಲಿ. ಆ ಕೈಗಳನ್ನು ಹಾಗೆ ಎತ್ತಿಸಬೇಕು ಅನ್ನೋದು ಒಬ್ಬ ಕಲಾವಿದೆಯ ತೀರ್ಮಾನ. ನನಗೆ ಅದು ಮುಖ್ಯ.

ಅಕ್ಕನಿಗೂ ಹೀಗೇ ಆಗಿದೆ. ಕೌಶಿಕ ರಾಜನ ಕತೆ ಎಲ್ಲರಿಗೂ ಬಾಯಿಪಾಠ, ವಚನ ಮಾತ್ರ ಬೇಕಿಲ್ಲ. ಹಾಗಾಗಿ ಇಲ್ಲೂ ಚಿತ್ರದಿಂದಲೇ ಹೊರಡುತ್ತೇನೆ. ಮನೆಯ ಕ್ಯಾಲೆಂಡರಿನಲ್ಲಿ ನೋಡಿದ ಅಕ್ಕನನ್ನು ನೆನಪಿಸಿಕೊಳ್ಳಿ ಅನ್ನುತ್ತೇನೆ. ಕೈಯಲ್ಲಿ ಲಿಂಗ, ಮೈ ಮುಚ್ಚುವಷ್ಟು ಕೂದಲು. ಕೂದಲು ಯಾಕೆ? ‘ಮರ್ಯಾದೆಗೆ’ ಅನ್ನುತ್ತಾರೆ. ಆಗ ಅಲ್ಲಮಪ್ರಭು ಮತ್ತು ಶರಣರ ಸಂವಾದಗಳಿರುವ ಶೂನ್ಯಸಂಪಾದನೆ ತೆಗೆಯುತ್ತೇನೆ. ಸೀರೆ ಬಿಟ್ಟ ಮೇಲೆ ಕೂದಲಿನ ಮರೆ ಯಾಕೆ ಅಂತ ಅಲ್ಲಮ ಕೇಳುತ್ತಾನೆ. ಕಾಮನ ಮುದ್ರೆ ಕಂಡು ನಿಮಗೆ ನೋವಾದೀತು ಅಂತ ಮುಚ್ಚಿದೆ ಅನ್ನುತ್ತಾಳೆ ಅಕ್ಕ. ನಾಚಿಕೆ ಅವಳದಲ್ಲ, ನೋಡುವವರದು! ಕ್ಯಾಲೆಂಡರಿನವರು ಕೂದಲನ್ನು ಉಳಿಸಿಕೊಂಡು ಈ ಉತ್ತರವನ್ನು ಬಿಟ್ಟುಬಿಟ್ಟರು. ಆರ್ಟೆಮೀಸಿಯಾಳ ಸುಸಾನ ಎರಡು ಕೈ ಎತ್ತಿ ಮಾಡಿದ್ದನ್ನು ಅಕ್ಕ ಒಂದು ಮಾತಿನಲ್ಲಿ ಮಾಡುತ್ತಾಳೆ. ಆದರೆ ಸುಸಾನಳಿಗೆ ಭಯವಿದೆ, ಅಕ್ಕನಿಗಿಲ್ಲ. ಹೋಲಿಕೆಗಿಂತ ಈ ವ್ಯತ್ಯಾಸದ ಮೇಲೆ ಕ್ಲಾಸಿನಲ್ಲಿ ಜಾಸ್ತಿ ಮಾತಾಗುತ್ತದೆ.

ಅಸೈನ್‌ಮೆಂಟಿಗೆ ಒಂದೇ ಷರತ್ತು. ಮೊದಲ ಪುಟದಲ್ಲಿ ಬರೆದವಳ ಜೀವನದ ಒಂದು ಸಾಲೂ ಇರಬಾರದು. ಗೊಣಗಾಟ ಇದ್ದೇ ಇದೆ, ಗೈಡುಗಳಲ್ಲಿ ಸಿಗೋದು ಅದೊಂದೇ ಅಲ್ವಾ.

ಇಬ್ಬರನ್ನೂ ಓದಿದ ಮೇಲೆ ಬೇಕೆಂದೇ ಸಂಚಿ ಹೊನ್ನಮ್ಮನನ್ನು ತರುತ್ತೇನೆ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆ ಅಡಿಕೆಯ ಸಂಚಿ ಹಿಡಿಯುತ್ತಿದ್ದವಳು. ಹದಿಬದೆಯ ಧರ್ಮ ಬರೆದದ್ದೇ ಪತಿವ್ರತೆ ಹೇಗಿರಬೇಕು ಅಂತ ಹೇಳೋಕೆ. ಅದರ ನಡುವೆಯೇ, ಹೆಣ್ಣೆಂದು ಹೀಗಳೆಯುವವರನ್ನು ಕಣ್ಣು ಕಾಣದ ದಡ್ಡರು ಅಂತ ಬೈಯುತ್ತಾಳೆ. ಹುಡುಗಿಯರಿಗೆ ಅವಳ ಮೇಲೆ ಸಿಟ್ಟು. ಗಂಡನ ಸೇವೆ ಮಾಡು ಅನ್ನುವವಳದು ಎಂಥ ಹೆಣ್ಣುದನಿ ಅಂತ ಕೇಳುತ್ತಾರೆ. ಅರಮನೆಯ ಸಂಬಳ ತಿಂದುಕೊಂಡು ಇನ್ನೇನು ಬರೆಯೋಕಾಗುತ್ತಿತ್ತು ಅಂತ ಕೆಲವರು ಅವಳ ಪರ ನಿಲ್ಲುತ್ತಾರೆ. ನಾನು ಮಧ್ಯೆ ಬಾಯಿ ಹಾಕುವುದಿಲ್ಲ.